ಸರಕಾವುದು, ಕೊಸರಾವುದು?



ಅಮೆರಿಕದ ಫುಟ್‌ಬಾಲ್ ಲೀಗಿನಲ್ಲಿ ತಂಡವೊಂದು ತೆರಬಹುದಾದ ಒಟ್ಟು ಸಂಬಳಕ್ಕೆ 1994ರಿಂದ ಮಿತಿಯುಂಟೆಂಬುದನ್ನೂ, ಡ್ರಾಫ್ಟಿನಲ್ಲಿ ಹೊಸಬರನ್ನು ಆರಿಸುವ ಸರದಿ ಸೋತವರಿಗೇ ಮೊದಲು ಬರುವುದೆಂಬುದನ್ನೂ ತಾವು ಬಲ್ಲಿರಾದ್ದರಿಂದ, ಆ ಪೂರ್ವಕಥೆಯನ್ನು ಬದಿಗಿರಿಸಿ, ಮಿತ್ರರೊಬ್ಬರೊಡನೆ ವರ್ಷಗಟ್ಟಲೆಯಿಂದ ನಡೆದಿರುವ ನನ್ನ ವಾದಕ್ಕೇ ನೇರವಾಗಿ ಬರುವೆನು.

2017ರ ಮಾರ್ಚ್ 9ರಂದು ಹ್ಯೂಸ್ಟನ್ ಟೆಕ್ಸನ್ಸ್ ತಂಡದವರು ತಮ್ಮ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಆಸ್ವೈಲರನನ್ನು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕೆ ದಾಟಿಸಿದರು. ಹಿಂದಿನ ವರ್ಷವಷ್ಟೇ ನಾಲ್ಕು ವರ್ಷಕ್ಕೆ 7 ಕೋಟಿ 20 ಲಕ್ಷ ಡಾಲರಿನ ಕರಾರಿನ ಮೇಲೆ ಬಂದಿದ್ದ ಆ ಎತ್ತರದ ಆಳು ಟಚ್‌ಡೌನಿಗೆ ಎಸೆದದ್ದು 15, ಎದುರಾಳಿಗಳ ಕೈಗಿತ್ತದ್ದು 16. ಆಡಿಸಲಿ ಬಿಡಲಿ, 2017ಕ್ಕೆ ಅವನಿಗೆ 1 ಕೋಟಿ 60 ಲಕ್ಷ ತೆರಲೇಬೇಕಾಗಿತ್ತು. ಅವನ ಜೊತೆಗೆ ಆ ವರ್ಷದ ಡ್ರಾಫ್ಟಿನ ಆರನೆಯ ಸುತ್ತಿನ ಆಯ್ಕೆಯನ್ನೂ ಮರುವರ್ಷದ ಎರಡನೆಯ ಸುತ್ತಿನ ಆಯ್ಕೆಯನ್ನೂ ಕೊಟ್ಟು, ಹ್ಯೂಸ್ಟನ್ನಿನವರು ಪಡೆದದ್ದು ನಾಲ್ಕನೆಯ ಸುತ್ತಿನದೊಂದನ್ನು ಮಾತ್ರ.

ಕ್ಲೀವ್‌ಲ್ಯಾಂಡಿನವರು ಕೊಂಡದ್ದು ಆಟಗಾರನನ್ನು, ಆಯ್ಕೆಗಳು ಸೊಪ್ಪಿನವಳು ಮೇಲೆ ಹಾಕುವ ಕೊಸರು ಎಂಬುದು ಮಿತ್ರರ ಮತ. ಎರಡನೆಯ ಸುತ್ತಿನ ಆಯ್ಕೆಯೇ ಸರಕು, ಆಸ್ವೈಲರನ ಸಂಬಳವೇ ಅದರ ಬೆಲೆ, ಪಾಪ ಆಸ್ವೈಲರನೇ ಕೊಸರು ಎಂಬುದು ನನ್ನದು.

ಇಲ್ಲಿ ನನಗೆ ಲೆಕ್ಕಪತ್ರ ಕಲಿಸಿದ ಮೇಷ್ಟರ ನೆನಪಾಗುತ್ತದೆ. ಕಿವಿಯ ಮೇಲೆ ಕೆಂಪು ಪೆನ್ಸಿಲು ಸಿಕ್ಕಿಸಿಕೊಂಡು ಬೆಂಚಿನಿಂದ ಬೆಂಚಿಗೆ ನಡೆಯುತ್ತಿದ್ದ ಅವರು, ನಮ್ಮ ಕಿರ್ದಿ ಪುಸ್ತಕದಲ್ಲಿ ಎಲ್ಲಾದರೂ ಖಾಲಿ ಸಾಲು ಕಂಡರೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು, “ಬಯಲು ಬಿಟ್ಟರೆ ಯಾರೋ ಬಂದು ತಮ್ಮ ಬಾಕಿ ಬರೆದಾರು, ಕಣ್ರಯ್ಯಾ” ಎಂದು ಗದರುತ್ತಿದ್ದರು. ಸಾಶಿ ಬ್ರೌನ್ ಮತ್ತು ಬೇಸ್‌ಬಾಲಿನಿಂದ ಬಂದ ಪಾಲ್ ಡಿಪೊಡೆಸ್ಟಾ ಅವರಿದ್ದ ಕ್ಲೀವ್‌ಲ್ಯಾಂಡಿನ ಆಡಳಿತವು, ಮೇಷ್ಟರು ಯಾವುದಕ್ಕೆ ಅಂಜಿದ್ದರೋ ಅದನ್ನೇ ಉದ್ಯಮವಾಗಿಸಿತು: ಆ ವರ್ಷದ 16 ಕೋಟಿ 70 ಲಕ್ಷ ಡಾಲರಿನ ಸಂಬಳದ ಮಿತಿಯೊಳಗೆ ಬೇಕೆಂದೇ ಸಾಲುಗಳನ್ನು ಬಯಲು ಬಿಟ್ಟು, ಅನ್ಯರ ಬಾಕಿಯನ್ನು ಅಲ್ಲಿ ಬರೆಯಗೊಟ್ಟು, ಅದಕ್ಕೆ ಬಾಡಿಗೆಯನ್ನು ವಸೂಲು ಮಾಡಿತು. ಹಣವನ್ನೇ ಕೊಟ್ಟು ಆಯ್ಕೆಯನ್ನು ಕೊಳ್ಳುವ ವಾಡಿಕೆ ಆ ಲೀಗಿನಲ್ಲಿಲ್ಲ. ಬಾಕಿಯ ಮರೆಯಲ್ಲಿ ಮಾತ್ರ ಅದು ಸಾಧ್ಯವಾಯಿತು.

ಆಸ್ವೈಲರನನ್ನು ಸೆಪ್ಟೆಂಬರ್ 1ರಂದು, ಋತುವಿನ ಒಂದು ಪಂದ್ಯವನ್ನೂ ಆಡಿಸದೆ ಬಿಟ್ಟುಕೊಟ್ಟರು. ತಂಡ ಆಡಿದ 16 ಪಂದ್ಯಗಳಲ್ಲಿ 16ನ್ನೂ ಸೋತಿತು. ಡಿಸೆಂಬರಿನಲ್ಲಿ ಸಾಶಿ ಬ್ರೌನ್ ಪದಚ್ಯುತರಾದರು. ಮರುವರ್ಷ ಹ್ಯೂಸ್ಟನ್ನಿನ ಆ ಆಯ್ಕೆ, ಒಟ್ಟಿನಲ್ಲಿ 35ನೆಯದು, ನಿಕ್ ಚಬ್ ಎಂಬ ಓಟಗಾರನನ್ನು ತಂದಿತು, ಉತ್ತವನೊಬ್ಬ, ಉಂಡವನೊಬ್ಬ. 2022ರಲ್ಲಿ ಚಬ್ ಚೆಂಡು ಹಿಡಿದು ಓಡಿದ್ದು 1,525 ಗಜ. ಇಷ್ಟಕ್ಕೆ ನಿಲ್ಲಿಸಿದರೆ ಜಯ ನನ್ನದೇ.

ಆದರೆ ಮಿತ್ರರು ಬಿಡರು. ಈರಿ ಸರೋವರದ ಕುಳಿರ್ಗಾಳಿಯಲ್ಲಿ ದುಡ್ಡು ಕೊಟ್ಟು ಕುಳಿತಿದ್ದವರ ಆ ಹದಿನಾರು ಸೋಲುಗಳನ್ನು ತಾವು ಯಾವ ಖಾತೆಗೆ ಬರೆಯುವಿರಿ ಎನ್ನುವರು, ನನ್ನಲ್ಲಿ ಉತ್ತರವಿಲ್ಲ. ಮೇಲಾಗಿ, 2023ರಲ್ಲಿ ಮೊಣಕಾಲಿಗೆ ತೀವ್ರ ಗಾಯ ಮಾಡಿಕೊಂಡ ಚಬ್ 2025ರಲ್ಲಿ ಹೋಗಿ ಸೇರಿದ್ದು ಹ್ಯೂಸ್ಟನ್ನಿಗೇ! ಹಾಗಾದರೆ ನಾನು ಸರಕೆಂದದ್ದು ಸರಕೋ, ಬಾಡಿಗೆಯ ವಸ್ತುವೋ? ಮೇಷ್ಟರು ಇಂದು ಈ ಪುಸ್ತಕವನ್ನು ತಿರುವಿದ್ದರೆ, ಆ ಬಯಲು ಸಾಲಿನ ಮೇಲೆ ಗೆರೆ ಎಳೆಯುತ್ತಿದ್ದರೋ, ಪೆನ್ಸಿಲನ್ನು ಮತ್ತೆ ಕಿವಿಗೇ ಸಿಕ್ಕಿಸಿಕೊಳ್ಳುತ್ತಿದ್ದರೋ?