ಕಂತು ಎಷ್ಟು ಅಂತಲ್ಲ, ಒಟ್ಟು ಎಷ್ಟು ಅಂತ ಕೇಳಿ

ಇವತ್ತು ರಾಜಕೀಯ ಬೇಡ, ನಿಮ್ಮ ಮನೆಯ ವಿಷಯ ಮಾತಾಡೋಣ.

ನಮ್ಮಲ್ಲಿ ಸಾಲಕ್ಕೆ ಎರಡು ಸೀಸನ್ ಇವೆ. ಸಿಇಟಿ ಸೀಟು ಹಂಚಿಕೆ ಶುರುವಾದಾಗ ಒಂದು. ಆಗ ಮಗನ ಫೀಸಿಗೋ ಮಗಳ ಫೀಸಿಗೋ ಅಪ್ಪ ಅಮ್ಮ ಬ್ಯಾಂಕಿನ ಬಾಗಿಲಲ್ಲಿ ನಿಂತಿರುತ್ತಾರೆ. ಆಯುಧಪೂಜೆ ಹತ್ತಿರ ಬಂದಾಗ ಇನ್ನೊಂದು. ಆಗ ಶೋರೂಮಿನ ಬಾಗಿಲಲ್ಲಿ ಬ್ಯಾಂಕಿನವರೇ ಮೇಜು ಹಾಕಿಕೊಂಡು ಕೂತಿರುತ್ತಾರೆ. ಓದೋ ಸಾಲಕ್ಕೆ ಆ ಸರ್ಟಿಫಿಕೇಟು, ಈ ಸರ್ಟಿಫಿಕೇಟು ಅಂತ ಅಲೆದಾಟ. ಗಾಡಿ ಸಾಲಕ್ಕೆ ಕಾಫಿ ಕುಡಿದು ಮುಗಿಸೋದರೊಳಗೆ ಮಂಜೂರಾತಿ. ಅಲೆದು ತಗೊಂಡರೂ ಸಾಲವೇ, ಕೂತಲ್ಲೇ ಸಿಕ್ಕರೂ ಸಾಲವೇ. ಎರಡಕ್ಕೂ ಸಹಿ ಹಾಕೋದು ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಬಡ್ಡಿ ಲೆಕ್ಕವನ್ನ ಏಳನೇ ಕ್ಲಾಸಿನಲ್ಲಿ ಮಾಡಿದ್ದಾರೆ ನಿಜ, ಆದರೆ ಅದು ಪರೀಕ್ಷೆಗೆ ಮಾಡಿದ ಲೆಕ್ಕ. ಇದು ಬದುಕಿನ ಲೆಕ್ಕ.

ಸಾಲ ಮಾಡಬೇಡಿ ಅಂತ ಹೇಳೋಕೆ ನಾನಿಲ್ಲಿ ಕೂತಿಲ್ಲ. ಬ್ಯಾಂಕ್ ಸಾಲ ಇಲ್ಲದಿದ್ದರೆ ಎಷ್ಟೋ ರೈತರ ಮಕ್ಕಳು, ಆಟೊ ಓಡಿಸೋರ ಮಕ್ಕಳು ಎಂಜಿನಿಯರಿಂಗ್ ಕಾಲೇಜಿನ ಗೇಟು ದಾಟ್ತಾನೇ ಇರಲಿಲ್ಲ. ನಾನು ಹೇಳೋದು ಇಷ್ಟೇ: ತಿಂಗಳಿಗೆ ಕಂತು ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ಕೊನೆಗೆ ಒಟ್ಟು ಎಷ್ಟು ಕಟ್ಟುತ್ತೇನೆ ಅಂತ ಕೇಳಿ.

ಮೊದಲು ಓದೋ ಸಾಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯ ಪ್ರಕಾರ ಕೋರ್ಸ್ ಮುಗಿಯುವವರೆಗೆ, ಮುಗಿದ ಮೇಲೂ ಒಂದು ವರ್ಷ, ಕಂತು ಕಟ್ಟಬೇಕಿಲ್ಲ. ಆಮೇಲೆ ತೀರಿಸೋಕೆ 15 ವರ್ಷದವರೆಗೂ ಸಮಯ ಇದೆ. ಇದನ್ನು ಕೇಳಿದ ತಕ್ಷಣ ಬಹಳ ಜನ ಏನಂದುಕೊಳ್ತಾರೆ ಗೊತ್ತಾ? ಓದು ಮುಗಿಯೋವರೆಗೆ ಬಡ್ಡಿ ಇಲ್ಲ ಅಂತ! ಅಲ್ಲ ಸ್ವಾಮಿ. ರಜೆ ಸಿಕ್ಕಿರೋದು ಕಂತಿಗೆ. ಬಡ್ಡಿಗೆ ರಜೆ ಇಲ್ಲ.

ಒಂದು ಲೆಕ್ಕ ಹಾಕೋಣ. ನಾಲ್ಕು ವರ್ಷದ ಎಂಜಿನಿಯರಿಂಗ್. ಪ್ರತಿ ವರ್ಷದ ಆರಂಭದಲ್ಲಿ ಒಂದೂವರೆ ಲಕ್ಷ, ಒಟ್ಟು 6 ಲಕ್ಷ ಸಾಲ. ಬಡ್ಡಿ ಶೇಕಡ 10 ಅಂತ ಇಟ್ಟುಕೊಳ್ಳಿ. ಓದಿನ ನಾಲ್ಕು ವರ್ಷ, ಅದರ ಮೇಲಿನ ಒಂದು ವರ್ಷ, ಈ ಐದು ವರ್ಷದಲ್ಲಿ ಬರೀ ಸರಳ ಬಡ್ಡಿಯೇ 2 ಲಕ್ಷ 10 ಸಾವಿರ ಆಗುತ್ತೆ. ಹುಡುಗ ಕೆಲಸಕ್ಕೆ ಸೇರಿ ಮೊದಲ ಕಂತು ಕಟ್ಟೋ ದಿನ ಅವನ ತಲೆ ಮೇಲಿರೋದು 6 ಲಕ್ಷ ಅಲ್ಲ, 8 ಲಕ್ಷ 10 ಸಾವಿರ. ಅದನ್ನು ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 10,700 ರೂಪಾಯಿ. ಒಟ್ಟು ಕಟ್ಟೋದು ಹತ್ತಿರ ಹತ್ತಿರ 12 ಲಕ್ಷ 85 ಸಾವಿರ.

ಅದೇ ಬಡ್ಡಿಯನ್ನು ಆಗಾಗಲೇ ಕಟ್ಟಿಕೊಂಡು ಬಂದಿದ್ದರೆ? ಮೊದಲ ವರ್ಷ ತಿಂಗಳಿಗೆ ಬರೀ 1,250 ರೂಪಾಯಿ. ನಾಲ್ಕನೇ ವರ್ಷಕ್ಕೆ ಅದು 5,000 ಆಗುತ್ತೆ, ನಿಜ, ಹಗುರ ಅಲ್ಲ. ಆದರೆ ಆಗ ಕೆಲಸ ಸಿಕ್ಕ ಮೇಲಿನ ಕಂತು 7,900ರ ಆಸುಪಾಸಿಗೆ ಇಳಿಯುತ್ತೆ. ಬಡ್ಡಿಯೂ ಸೇರಿ ಒಟ್ಟು ಕಟ್ಟೋದು 11 ಲಕ್ಷ 61 ಸಾವಿರ. ಉಳಿತಾಯ 1 ಲಕ್ಷ 23 ಸಾವಿರ. ಪೂರ್ತಿ ಆಗದಿದ್ದರೆ ಅರ್ಧ ಕಟ್ಟಿ. ಕಟ್ಟಿದ ಒಂದೊಂದು ರೂಪಾಯಿಯೂ ಮುಂದೆ ನಿಮ್ಮ ಮಗನ ಭುಜದ ಮೇಲಿಂದ ಇಳಿದ ಭಾರ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಮಾನ್ಯತೆ ಇರೋ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಕಂತಿನ ರಜೆ ಇರುವಷ್ಟು ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ತುಂಬುವ ಯೋಜನೆ ಇದೆ. ನಾನು ಈಗ ಹೇಳಿದ ಆ 2 ಲಕ್ಷ 10 ಸಾವಿರ! 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, 8 ಲಕ್ಷದವರೆಗೆ ಆದಾಯ ಇರೋ ಮನೆಯ ಮಕ್ಕಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇಕಡ 3ರಷ್ಟು ಬಡ್ಡಿ ಸಹಾಯ ಉಂಟು. ಆದರೆ ಪಟ್ಟಿಯಲ್ಲಿರೋ ಸಂಸ್ಥೆಗಳಿಗೆ ಮಾತ್ರ, ಮೆರಿಟ್ ಸೀಟಿಗೆ ಮಾತ್ರ. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇಲ್ಲ. ಸೀಟು ಆಯ್ಕೆ ಮಾಡೋ ಮೊದಲೇ ಇದನ್ನು ನೋಡಿಕೊಳ್ಳಿ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಕೈಯಲ್ಲಿರಲಿ. ಸಾಲ ಮಂಜೂರಾದ ದಿನವೇ ಮ್ಯಾನೇಜರ್ ಹತ್ತಿರ ಬಾಯಿ ಬಿಟ್ಟು ಕೇಳಿ: ಬಡ್ಡಿ ಸಬ್ಸಿಡಿಗೆ ನನ್ನ ಹೆಸರು ಹೋಗಿದೆಯಾ ಅಂತ. ಕೇಳದೇ ಇದ್ದವರಿಗೆ ಸರ್ಕಾರದ ದುಡ್ಡು ತಾನಾಗಿ ನಡೆದುಕೊಂಡು ಬರೋದಿಲ್ಲ.

ಈಗ ಸಹಿ ವಿಚಾರ. ಏಳೂವರೆ ಲಕ್ಷದವರೆಗಿನ ಓದೋ ಸಾಲಕ್ಕೆ ಸರ್ಕಾರದ ಸಾಲ ಖಾತರಿ ಯೋಜನೆ ಇದೆ. ಅದರಡಿ ಮನೆ ಪತ್ರ, ಹೊಲದ ಪತ್ರ ಅಡ ಇಡಬೇಕಿಲ್ಲ. ಆದರೆ ಅಪ್ಪನೋ ಅಮ್ಮನೋ ಸಹಸಾಲಗಾರರಾಗಿ ಸಹಿ ಹಾಕ್ತಾರಲ್ಲ, ಅದು ಬರೀ ಸಾಕ್ಷಿ ಸಹಿ ಅಲ್ಲ. ಆ ಸಾಲ ಅವರದ್ದೂ ಹೌದು. ನೀವು ಬೆಂಗಳೂರಿನಲ್ಲಿ ಕೂತು ಮೂರು ಕಂತು ತಪ್ಪಿಸಿದರೆ ಸಿಬಿಲ್ ದಾಖಲೆಯಲ್ಲಿ ಕಪ್ಪು ಚುಕ್ಕೆ ಬೀಳೋದು ಇಬ್ಬರ ಹೆಸರಿಗೂ. ನಾಳೆ ಊರಿನಲ್ಲಿ ಅಪ್ಪ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ, ಬ್ಯಾಂಕಿನವರು ಕಂಪ್ಯೂಟರ್ ನೋಡಿ ತಲೆ ಆಡಿಸಿದರೆ, ಆ ಮನುಷ್ಯನಿಗೆ ಕಾರಣವೂ ಗೊತ್ತಿರೋದಿಲ್ಲ. ಕೆಲಸ ಸಿಗೋದು ತಡವಾಯ್ತಾ? ಫೋನ್ ಸ್ವಿಚ್ ಆಫ್ ಮಾಡಬೇಡಿ. ಬ್ಯಾಂಕಿಗೆ ಹೋಗಿ, ಬರವಣಿಗೆಯಲ್ಲಿ ಅವಧಿ ಕೇಳಿ.

ಇನ್ನು ಗಾಡಿ ಸಾಲ. ಇಲ್ಲಿ ಒಂದು ಪದ ಬರುತ್ತೆ: ಫ್ಲಾಟ್ ರೇಟ್. 1 ಲಕ್ಷದ ಬೈಕ್ ಸಾಲ, ಮೂರು ವರ್ಷ, ಫ್ಲಾಟ್ ಶೇಕಡ 10 ಅಂತಾರೆ. ಅಂದರೆ ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಮೂರೂ ವರ್ಷ ಪೂರ್ತಿ 1 ಲಕ್ಷದ ಮೇಲೇ. ಬಡ್ಡಿ 30 ಸಾವಿರ. ಬಾಕಿ ಇರೋ ಅಸಲಿಗೆ ಮಾತ್ರ ಬಡ್ಡಿ ಹಾಕೋ ಪದ್ಧತಿಯಲ್ಲಿ, ಅದೇ ಶೇಕಡ 10ಕ್ಕೆ, ಬಡ್ಡಿ 16 ಸಾವಿರ ಚಿಲ್ಲರೆ. ಫ್ಲಾಟ್ 10 ಅಂದರೆ ನಿಜದಲ್ಲಿ ಶೇಕಡ 18ರ ಹತ್ತಿರ. ಬೋರ್ಡಿನ ಮೇಲೆ ಬರೆಯೋದು ಹತ್ತು, ಜೇಬಿನಿಂದ ಹೋಗೋದು ಹದಿನೆಂಟು!

ಕಾರಿಗೆ ಬನ್ನಿ. 8 ಲಕ್ಷ ಸಾಲ, ಶೇಕಡ 9.5 ಬಡ್ಡಿ. ಐದು ವರ್ಷಕ್ಕಾದರೆ ಕಂತು 16,800. ಸೇಲ್ಸ್ ಹುಡುಗ ಹೇಳ್ತಾನೆ, ಸರ್, ಏಳು ವರ್ಷ ಮಾಡಿಕೊಡ್ತೀನಿ, ಬರೀ 13 ಸಾವಿರ ಆಗುತ್ತೆ ಅಂತ. ನಿಮಗೂ ಖುಷಿ. ಒಟ್ಟು ಕೇಳಿದ್ರಾ? ಐದು ವರ್ಷಕ್ಕೆ ಬಡ್ಡಿ 2 ಲಕ್ಷ 8 ಸಾವಿರ, ಏಳು ವರ್ಷಕ್ಕೆ 2 ಲಕ್ಷ 98 ಸಾವಿರ. ಅದೇ ಕಾರು, 90 ಸಾವಿರ ಜಾಸ್ತಿ. ಓದು ನಿಮ್ಮ ಸಂಬಳವನ್ನು ಏರಿಸಬಹುದು. ಕಾರಿನ ಬೆಲೆ ಶೋರೂಮಿನಿಂದ ಹೊರಗೆ ಬಂದ ದಿನದಿಂದ ಇಳಿಯುತ್ತಲೇ ಹೋಗುತ್ತೆ.

ಈಗ ಎರಡನ್ನೂ ಕೂಡಿಸಿ. ಕೈಗೆ 40 ಸಾವಿರ ಸಂಬಳ. ಓದೋ ಸಾಲಕ್ಕೆ 10,700, ಕಾರಿಗೆ 13 ಸಾವಿರ. ಉಳಿಯೋದು 16 ಸಾವಿರ. ಅದರಲ್ಲಿ ಪಿಜಿ ಬಾಡಿಗೆ, ಊಟ, ಪೆಟ್ರೋಲ್, ವಿಮೆ, ಸರ್ವಿಸ್. ನಿಮ್ಮನ್ನು ಓದಿಸೋಕೆ ಸಹಿ ಹಾಕಿದವರಿಗೆ ಕಳಿಸೋಕೆ ಏನುಳಿಯಿತು? ಕೆಲಸ ಇಷ್ಟ ಇಲ್ಲ, ಬಿಡ್ತೀನಿ ಅನ್ನೋ ಧೈರ್ಯ ಎಲ್ಲಿಂದ ಬರುತ್ತೆ? ಅದಕ್ಕೇ ಹೇಳೋದು, ಮೊದಲು ಓದಿನ ಸಾಲದ ಭಾರ ಇಳಿಸಿ. ಆಮೇಲೆ ಗಾಡಿ. ಕೆಲಸಕ್ಕೆ ಗಾಡಿ ಬೇಕೇ ಬೇಕು ಅಂದರೆ ಸೆಕೆಂಡ್ ಹ್ಯಾಂಡ್ ಬೈಕಿನಲ್ಲಿ ಹೋದರೆ ಯಾರ ಮರ್ಯಾದೆಯೂ ಹೋಗೋದಿಲ್ಲ.

ನಿಮಗೆ ಹಕ್ಕುಗಳೂ ಇವೆ. 2024ರ ಅಕ್ಟೋಬರ್ 1ರಿಂದ, ಇಂಥ ಸಾಲಗಳಿಗೆ ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನೋ ಪತ್ರ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಬಡ್ಡಿ, ಶುಲ್ಕ ಎಲ್ಲ ಸೇರಿ ವರ್ಷಕ್ಕೆ ನಿಜವಾದ ದರ ಎಷ್ಟು ಅಂತ ಅದರಲ್ಲಿ ಇರುತ್ತೆ. ಅದನ್ನು ಓದದೆ ಪೆನ್ನು ಮುಟ್ಟಬೇಡಿ. ವರ್ಷಕ್ಕೊಮ್ಮೆ ನಿಮ್ಮ ಕ್ರೆಡಿಟ್ ವರದಿ ಪುಕ್ಕಟೆ ಸಿಗುತ್ತೆ, ತೆಗೆದು ನೋಡಿ. ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡೋ ಹಾಗಿಲ್ಲ. ಗೂಂಡಾಗಳನ್ನು ಬಿಟ್ಟು ಗಾಡಿ ಎತ್ತಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಗಾಡಿ ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರಂ 35 ತಗೊಂಡು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ಇಲ್ಲದಿದ್ದರೆ ಮಾರುವಾಗ ಪರದಾಡುತ್ತೀರಿ.

ನಮ್ಮ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಯೋಜನೆ ಶುರುಮಾಡಿ, ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕೂಡಿಡೋದನ್ನ ಜನರಿಗೆ ಕಲಿಸಿತು. ಎರಡೆರಡು ಆಣೆ ಸೇರಿದರೆ ಎಷ್ಟಾಗುತ್ತೆ ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ಕಂತು ಕಂತು ಸೇರಿದರೆ ಎಷ್ಟಾಗುತ್ತೆ ಅಂತ ನಮ್ಮ ಮಕ್ಕಳಿಗೂ ಗೊತ್ತಾಗಬೇಕಲ್ವಾ?

ಇವತ್ತು ರಾತ್ರಿ ಊಟ ಆದ ಮೇಲೆ ಟಿವಿ ಆಫ್ ಮಾಡಿ. ಅಪ್ಪ, ಅಮ್ಮ, ಮಗ, ಮಗಳು ಒಂದು ಹಾಳೆ ಪೆನ್ನು ಹಿಡಿದು ಒಟ್ಟಿಗೆ ಕೂತುಕೊಳ್ಳಿ. ಸಾಲ ಎಷ್ಟು, ಬಡ್ಡಿ ಎಷ್ಟು, ಒಟ್ಟು ಎಷ್ಟು ಅಂತ ಬರೆಯಿರಿ. ಆಮೇಲೆ ಸಹಿ ಹಾಕಿ.