ಶಾಲೆಗೆ ಬಂದ ಯಂತ್ರ: ಉರುಗ್ವೆ ಮತ್ತು ಪೆರು



ನಾನು ಓದಿದ ಹಳ್ಳಿಯ ಶಾಲೆಯಲ್ಲಿ ಒಂದು ಭೂಗೋಳವಿತ್ತು. ಹಿತ್ತಾಳೆಯ ಕಾಲಿನ ಮೇಲೆ ಓರೆಯಾಗಿ ನಿಂತು, ಬೆರಳಿನಿಂದ ತಟ್ಟಿದರೆ ಗಿರ್ರನೆ ತಿರುಗುವ ಚೆಲುವಾದ ಗೋಳ. ಅದು ಇರುತ್ತಿದ್ದುದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ. ಬೀರುವಿಗೆ ಬೀಗ, ಬೀಗದ ಕೈ ಅವರ ಕೋಟಿನ ಜೇಬಿನಲ್ಲಿ. ಇನ್‌ಸ್ಪೆಕ್ಟರು ಬರುವ ದಿನ ಗೋಳ ಮೇಜಿನ ಮೇಲೆ ಪ್ರತ್ಯಕ್ಷವಾಗುತ್ತಿತ್ತು. ಅವರು ಹೊರಟೊಡನೆ ಮರಳಿ ಒಳಕ್ಕೆ ಸೇರುತ್ತಿತ್ತು. ನಮ್ಮ ಮುಖ್ಯೋಪಾಧ್ಯಾಯರು ಮಕ್ಕಳ ಮೇಲೆ ಪ್ರೀತಿಯಿಲ್ಲದವರೇನಲ್ಲ. ಆದರೆ ಗೋಳಕ್ಕೆ ಏಟು ಬಿದ್ದರೆ ಅದರ ಬೆಲೆ ತಮ್ಮ ಸಂಬಳದಲ್ಲಿ ಖೋತಾ ಆದೀತೆಂಬ ಅಂಜಿಕೆ ಅವರಿಗೆ. ಹೀಗಾಗಿ ಭೂಮಿ ಗುಂಡಗಿದೆಯೆಂಬುದನ್ನು ನಾವು ಬಾಯಿಪಾಠ ಮಾಡಿದೆವು. ಗುಂಡಾದ ಭೂಮಿ ಹತ್ತು ಅಡಿ ದೂರದಲ್ಲಿ ಕತ್ತಲೆಯಲ್ಲಿ ಕುಳಿತಿತ್ತು.

ಈಚೆಗೆ ದಕ್ಷಿಣ ಅಮೆರಿಕದ ಎರಡು ದೇಶಗಳ ವಿದ್ಯಾಭ್ಯಾಸದ ವಿಷಯವನ್ನು ಓದುತ್ತಿದ್ದಾಗ ಆ ಬೀರು ನನ್ನ ನೆನಪಿಗೆ ಬಂದಿತು. ಉರುಗ್ವೆ ಒಂದು, ಪೆರು ಇನ್ನೊಂದು. ಈ ಎರಡು ದೇಶಗಳೂ ಸುಮಾರು ಒಂದೇ ಕಾಲದಲ್ಲಿ, ಒಂದೇ ಬಗೆಯ ಗಣಕಯಂತ್ರವನ್ನು, ಒಂದೇ ಆಸೆಯಿಂದ ತಮ್ಮ ಮಕ್ಕಳ ಕೈಗೆ ಕೊಟ್ಟವು. ಯಂತ್ರ ಒಂದೇ ಆದುದರಿಂದ, ಫಲದಲ್ಲಿ ವ್ಯತ್ಯಾಸ ಕಂಡರೆ ಅದರ ಕಾರಣವನ್ನು ಯಂತ್ರದಲ್ಲಿ ಹುಡುಕಿ ಪ್ರಯೋಜನವಿಲ್ಲ. ಬೇರೆ ಕಡೆ ಹುಡುಕಬೇಕು. ನಮ್ಮ ಶಾಲೆಗಳಿಗೂ ಇಂಥ ಯಂತ್ರಗಳನ್ನು ಒದಗಿಸುವ ಮಾತು ಮೇಲಿಂದ ಮೇಲೆ ನಡೆಯುತ್ತಿರುವ ಈ ದಿನಗಳಲ್ಲಿ ಆ ಹುಡುಕಾಟ ನಿಮಗೆ ಅಪ್ರಕೃತವೆನಿಸಲಾರದೆಂದು ನಂಬಿದ್ದೇನೆ.

ಮೊದಲು ಆ ಯಂತ್ರದ ವೃತ್ತಾಂತ. ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಪ್ರೊಫೆಸರ್ ನಿಕೊಲಾಸ್ ನೆಗ್ರೊಪಾಂಟಿಯವರು 2005ರಲ್ಲಿ ಒಂದು ಯೋಜನೆಯನ್ನು ಜಗತ್ತಿನ ಮುಂದಿಟ್ಟರು. ಬಡ ದೇಶಗಳ ಪ್ರತಿಯೊಂದು ಮಗುವಿಗೂ ಒಂದು ಲ್ಯಾಪ್‌ಟಾಪು. ಬೆಲೆ ನೂರು ಡಾಲರು. ಅದು ಶಾಲೆಯ ಸ್ವತ್ತಲ್ಲ, ಮಗುವಿನ ಸ್ವಂತ ಸ್ವತ್ತು. ಆ ವರ್ಷದ ನವೆಂಬರಿನಲ್ಲಿ ಟ್ಯೂನಿಸ್ ನಗರದ ಸಮ್ಮೇಳನದಲ್ಲಿ ಅದರ ಮಾದರಿಯನ್ನು ತೋರಿಸಿದರು. ವಿದ್ಯುತ್ತಿಲ್ಲದ ಊರಿನ ಮಕ್ಕಳು ಕೈಯಿಂದ ತಿರುಗಿಸಿ ಶಕ್ತಿ ತುಂಬಿಕೊಳ್ಳಲೆಂದು ಅದಕ್ಕೆ ಒಂದು ಹಿಡಿಯನ್ನಿಟ್ಟಿದ್ದರು. ವಿಶ್ವಸಂಸ್ಥೆಯ ಅಂದಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನರು ಅದನ್ನು ತಿರುಗಿಸಲು ಹೋದಾಗ ಹಿಡಿ ಕಿತ್ತು ಕೈಗೆ ಬಂದಿತಂತೆ. ಮುಂದೆ ತಯಾರಾದ ಯಂತ್ರದಲ್ಲಿ ಆ ಹಿಡಿಯೂ ಇರಲಿಲ್ಲ, ನೂರು ಡಾಲರಿನ ಬೆಲೆಯೂ ಉಳಿಯಲಿಲ್ಲ. ಬೆಲೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆದರೂ ಅದು ಮುದ್ದಾದ ಯಂತ್ರವೇ. ಹಸಿರು ಬಿಳುಪಿನ ಮೈ, ನೀರಿಗೂ ಧೂಳಿಗೂ ಅಂಜದ ರಬ್ಬರಿನ ಕೀಲಿಮಣೆ, ಬಿಸಿಲಿನಲ್ಲಿಯೂ ಓದಬಹುದಾದ ಪರದೆ, ಮೊಲದ ಕಿವಿಗಳಂತೆ ನಿಮಿರುವ ಎರಡು ಆಂಟೆನಾಗಳು. ಇಂಥ ಯಂತ್ರ ಕೈಗೆ ಬಂದರೆ ಮಕ್ಕಳು ತಾವಾಗಿ ಕಲಿಯುತ್ತಾರೆ, ಉಪಾಧ್ಯಾಯರು ಸಿದ್ಧರಾಗುವವರೆಗೆ ಕಾಯಬೇಕಾಗಿಲ್ಲ ಎಂಬ ವಿಶ್ವಾಸ ಆ ಯೋಜನೆಯ ತಳದಲ್ಲಿತ್ತು. ಈ ಒಂದು ವಿಶ್ವಾಸವನ್ನು ದಯಮಾಡಿ ನೆನಪಿನಲ್ಲಿಡಿ.

ಇನ್ನು ಉರುಗ್ವೆ. ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕ ದೇಶ. ಜನಸಂಖ್ಯೆ ಸುಮಾರು 35 ಲಕ್ಷ ಮಾತ್ರ. ಬೆಂಗಳೂರಿನ ಅರ್ಧವೂ ಇಲ್ಲ. ಬೆಟ್ಟಗಳು ಕಡಿಮೆ, ಹುಲ್ಲುಗಾವಲು, ದನಕರು ಹೆಚ್ಚು. ಅಲ್ಲಿ ಸಾರ್ವಜನಿಕ ಶಾಲೆಗೆ ಹಳೆಯ ಗೌರವವಿದೆ. ಹೊಸೆ ಪೆದ್ರೊ ವರೇಲಾ ಎಂಬ ಮಹನೀಯರ ಪ್ರಯತ್ನದಿಂದ 1877ರಲ್ಲಿಯೇ ಉಚಿತವೂ ಕಡ್ಡಾಯವೂ ಆದ ಶಿಕ್ಷಣದ ಕಾನೂನು ಅಲ್ಲಿ ಜಾರಿಗೆ ಬಂದಿತು. ಬಿಳಿಯ ನಿಲುವಂಗಿ, ಕೊರಳಿನಲ್ಲಿ ನೀಲಿಯ ಗಂಟು: ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳ ಉಡುಪು ಇದು. ಅಧ್ಯಕ್ಷ ತಬಾರೆ ವಾಸ್ಕೆಸರ ಸರ್ಕಾರ 2007ರಲ್ಲಿ ಲ್ಯಾಪ್‌ಟಾಪಿನ ಯೋಜನೆಯನ್ನು ಕೈಗೊಂಡು ಅದಕ್ಕೆ ಸೆಯ್ಬಾಲ್ ಎಂದು ಹೆಸರಿಟ್ಟಿತು. ಸೆಯ್ಬೊ ಎಂಬುದು ಆ ದೇಶದ ರಾಷ್ಟ್ರಪುಷ್ಪ. ನಮ್ಮ ಹಾಲುವಾಣದ ಕುಲಕ್ಕೇ ಸೇರಿದ ಕೆಂಪು ಹೂವಿನ ಮರ. ಆ ಮರಗಳ ತೋಪಿಗೆ ಸೆಯ್ಬಾಲ್ ಎನ್ನುತ್ತಾರೆ. ವಿಯಾ ಕಾರ್ದಾಲ್ ಎಂಬ ಸಣ್ಣ ಊರಿನ ಶಾಲೆಯಲ್ಲಿ 2007ರ ಮೇ ತಿಂಗಳಲ್ಲಿ ಪ್ರಾರಂಭವಾದ ವಿತರಣೆ ಒಳನಾಡಿನ ಊರುಗಳನ್ನು ಮೊದಲು ಮುಗಿಸಿ, ರಾಜಧಾನಿ ಮೊಂಟೆವಿಡಿಯೊವನ್ನು ಕೊನೆಗಿಟ್ಟುಕೊಂಡು, 2009ರ ಅಕ್ಟೋಬರಿನಲ್ಲಿ ಪೂರ್ಣವಾಯಿತು. ಸರ್ಕಾರಿ ಪ್ರಾಥಮಿಕ ಶಾಲೆಯ ಎಲ್ಲ ಮಕ್ಕಳಿಗೂ, ಅವರ ಉಪಾಧ್ಯಾಯರಿಗೂ, ಒಟ್ಟು ಮೂರೂವರೆ ಲಕ್ಷಕ್ಕೂ ಮೇಲ್ಪಟ್ಟು ಯಂತ್ರಗಳು ದೊರೆತವು. ದೇಶದ ಪ್ರಾಥಮಿಕ ಶಾಲೆಯ ಮಕ್ಕಳಿಗೆಲ್ಲ ಹೀಗೆ ಒಂದೊಂದು ಯಂತ್ರವನ್ನು ಕೊಟ್ಟ ಮೊದಲಿಗರಲ್ಲಿ ಉರುಗ್ವೆಯವರೂ ಸೇರಿದ್ದಾರೆ.

ಪೆರುವಿನ ಪರಿಸ್ಥಿತಿ ಬೇರೆ. ಅದು ಉರುಗ್ವೆಯ ಏಳರಷ್ಟು ದೊಡ್ಡದು. ಜನಸಂಖ್ಯೆ ಮೂರು ಕೋಟಿಗೂ ಹೆಚ್ಚು. ಒಂದು ಕಡೆ ಮರಳುಗಾಡಿನ ಕರಾವಳಿ, ನಡುವೆ ಆಂಡೀಸ್ ಪರ್ವತ, ಅದರಾಚೆ ಅಮೆಜಾನಿನ ಕಾಡು. ಬೆಟ್ಟದ ಹಳ್ಳಿಗಳಲ್ಲಿ ಅನೇಕ ಮಕ್ಕಳ ಮನೆಮಾತು ಕೆಚುವಾ; ಶಾಲೆಯ ಮಾತು ಬಹುಮಟ್ಟಿಗೆ ಸ್ಪ್ಯಾನಿಷ್. ಒಬ್ಬರೇ ಉಪಾಧ್ಯಾಯರು ಆರು ತರಗತಿಗಳನ್ನೂ ಒಂದೇ ಕೋಣೆಯಲ್ಲಿ ನಡೆಸುವ ಶಾಲೆಗಳು ಅಲ್ಲಿ ಬಹಳ. ಅಲ್ಲಿಯ ಸರ್ಕಾರ 2008ರಿಂದ ಯಂತ್ರಗಳನ್ನು ಹಂಚುವಾಗ ಇಂಥ ಬಡ ಶಾಲೆಗಳನ್ನೇ ಮೊದಲು ಆರಿಸಿಕೊಂಡಿತೆಂಬುದನ್ನು ಮೆಚ್ಚಬೇಕು. ಕೆಲವು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಯಂತ್ರಗಳು ಬಂದವು. ಸಂಖ್ಯೆಯಲ್ಲಿ ಉರುಗ್ವೆಯನ್ನು ಪೆರು ಮೀರಿಸಿತು.

ಫಲವೇನಾಯಿತು? ಅಂತರ ಅಮೆರಿಕ ಅಭಿವೃದ್ಧಿ ಬ್ಯಾಂಕಿನ ಪಂಡಿತರು ಇದನ್ನು ಬಹು ಎಚ್ಚರಿಕೆಯಿಂದ ಪರೀಕ್ಷಿಸಿದರು. ಪೆರುವಿನ 319 ಗ್ರಾಮಾಂತರ ಶಾಲೆಗಳನ್ನು ತೆಗೆದುಕೊಂಡು, ಚೀಟಿ ಎತ್ತಿದಂತೆ ಕೆಲವಕ್ಕೆ ಯಂತ್ರ ದೊರೆತು ಕೆಲವಕ್ಕೆ ದೊರೆಯದಿದ್ದುದನ್ನು ಆಧಾರವಾಗಿಟ್ಟುಕೊಂಡು, ಸುಮಾರು 15 ತಿಂಗಳ ತರುವಾಯ ಎರಡು ಗುಂಪುಗಳನ್ನೂ ಹೋಲಿಸಿ ನೋಡಿದರು. ಮೊದಲು ಎಂಟು ಮಕ್ಕಳಿಗೆ ಒಂದರಂತೆ ಯಂತ್ರವಿದ್ದರೆ, ಈಗ ಮಗುವಿಗೆ ಒಂದಕ್ಕಿಂತ ತುಸು ಹೆಚ್ಚೇ ಆಗಿತ್ತು. ಆದರೆ 2012ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಯಂತ್ರ ಪಡೆದ ಮಕ್ಕಳು ಮುಂದೆ ಬಂದಿರಲಿಲ್ಲ. ಸಾಮಾನ್ಯ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಮಾತ್ರ ಅಲ್ಪ ಮುನ್ನಡೆ ಕಂಡಿತು. ಪ್ರತಿಯೊಂದು ಯಂತ್ರದಲ್ಲಿಯೂ ಸುಮಾರು 200 ಪುಸ್ತಕಗಳನ್ನು ತುಂಬಿ ಕೊಟ್ಟಿದ್ದರು. ಮಕ್ಕಳ ಓದುವ ಅಭ್ಯಾಸ ಅದರಿಂದ ಹೆಚ್ಚಲಿಲ್ಲ. ಆ ಶಾಲೆಗಳಿಗೆ ಇಂಟರ್ನೆಟ್ಟಿನ ಸಂಪರ್ಕವೋ, ಇಲ್ಲವೆಂದೇ ಹೇಳಬೇಕು. ಇನ್ನೊಂದು ಸಂಗತಿ ನನ್ನ ಮನಸ್ಸನ್ನು ನಾಟಿತು. ಯಂತ್ರ ಮಗುವಿನದು, ಮನೆಗೆ ಒಯ್ಯಬಹುದು ಎಂಬುದು ಯೋಜನೆಯ ಮೂಲ ನಿಯಮವಾಗಿದ್ದರೂ, ಅದನ್ನು ಮನೆಗೆ ಒಯ್ಯುತ್ತಿದ್ದವರು ನೂರಕ್ಕೆ ಸುಮಾರು 40 ಮಕ್ಕಳು ಮಾತ್ರ. ಒಡೆದರೆ, ಕಳೆದರೆ, ಹೊಣೆ ಯಾರದು ಎಂಬ ಅಂಜಿಕೆ ಅಲ್ಲಿಯೂ ಇದ್ದಿತು. ನಮ್ಮ ಮುಖ್ಯೋಪಾಧ್ಯಾಯರ ಬೀರು ಆಂಡೀಸ್ ಪರ್ವತದ ಮೇಲೂ ಇದೆಯೆಂದು ತಿಳಿದಾಗ ನಗುವುದೋ ವ್ಯಥೆಪಡುವುದೋ ತಿಳಿಯಲಿಲ್ಲ.

ಇಷ್ಟನ್ನು ಕೇಳಿದವರು, ಉರುಗ್ವೆಯಲ್ಲಿ ಎಲ್ಲವೂ ಸರಿಹೋಗಿರಬೇಕೆಂದು ಊಹಿಸುವುದು ಸಹಜ. ಆದರೆ ಅದು ಹಾಗಲ್ಲ. ಉರುಗ್ವೆಯ ಅರ್ಥಶಾಸ್ತ್ರಜ್ಞರು ತಮ್ಮ ದೇಶದ ಮೊದಲ ವರ್ಷಗಳ ಫಲವನ್ನು ಅಳೆದು ನೋಡಿದಾಗ ಅವರಿಗೂ ಇಂಥದೇ ಉತ್ತರ ದೊರೆಯಿತು: ಓದಿನಲ್ಲಿಯೂ ಗಣಿತದಲ್ಲಿಯೂ ಯಂತ್ರದಿಂದಾದ ಪ್ರಯೋಜನ ಕಾಣಲಿಲ್ಲ. ಕೆಟ್ಟು ಮೂಲೆ ಸೇರಿದ ಯಂತ್ರಗಳೂ ಅಲ್ಲಿ ಕಡಿಮೆಯಿರಲಿಲ್ಲ. ಎರಡು ದೇಶಗಳೂ ಒಂದೇ ಕಡೆಗೆ ಬಂದು ನಿಂತವು. ಭೇದವಿರುವುದು ಅಲ್ಲಿಂದ ಮುಂದೆ ಅವು ಇಟ್ಟ ಹೆಜ್ಜೆಯಲ್ಲಿ.

ಪೆರುವಿನಲ್ಲಿ 2011ರಲ್ಲಿ ಸರ್ಕಾರ ಬದಲಾಯಿತು. ಯೋಜನೆಯ ಮೇಲಿನ ಉತ್ಸಾಹವೂ ತಗ್ಗಿತು. ಉರುಗ್ವೆಯಲ್ಲಿಯೂ ಸರ್ಕಾರಗಳು ಬದಲಾದವು, ಪಕ್ಷಗಳೂ ಬದಲಾದವು. ಸೆಯ್ಬಾಲ್ ಮಾತ್ರ ನಿಲ್ಲಲಿಲ್ಲ. ವಿದ್ಯುತ್ತಿಲ್ಲದ ಹಳ್ಳಿಯ ಶಾಲೆಗಳ ಮಾಡಿನ ಮೇಲೆ ಸೂರ್ಯಶಕ್ತಿಯ ಫಲಕಗಳನ್ನು ಹೂಡಿದರು. ಶಾಲೆಗಳಿಗೆ ಇಂಟರ್ನೆಟ್ಟನ್ನು ತಂದರು. ಯಂತ್ರವನ್ನು ರಿಪೇರಿ ಮಾಡುವವರು ವಾಹನದಲ್ಲಿ ಊರೂರಿಗೆ ಹೋದರು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಶಾಲೆಗಳಿಗೂ ಮನೆಗಳಿಗೂ ಹೋಗಿ ನೆರವಾದರು. ಇವೆಲ್ಲ ಪತ್ರಿಕೆಯಲ್ಲಿ ಚಿತ್ರ ಬರುವಂಥ ಕೆಲಸಗಳಲ್ಲ. ಆದರೆ ಇವಿಲ್ಲದೆ ಯಂತ್ರ ನಡೆಯದು.

ಇದಕ್ಕಿಂತ ದೊಡ್ಡ ಹೆಜ್ಜೆ 2012ರಲ್ಲಿ ಪ್ರಾರಂಭವಾಯಿತು. ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷನ್ನು ಕಲಿಸಬೇಕೆಂದು ಉರುಗ್ವೆಯವರ ಆಸೆ. ಕಲಿಸಬಲ್ಲ ಉಪಾಧ್ಯಾಯರು ಸಾಲದು. ಆಗ ಬ್ರಿಟಿಷ್ ಕೌನ್ಸಿಲಿನ ಸಹಕಾರದಿಂದ ಒಂದು ಏರ್ಪಾಡನ್ನು ಮಾಡಿದರು. ವಾರಕ್ಕೆ ಒಂದು ದಿನ ದೂರದೇಶದ ಉಪಾಧ್ಯಾಯರೊಬ್ಬರು ಪರದೆಯ ಮೇಲೆ ಕಾಣಿಸಿಕೊಂಡು ಪಾಠ ಹೇಳುತ್ತಾರೆ. ಅವರಿಗೆ ಮಕ್ಕಳು ಕಾಣುತ್ತಾರೆ, ಮಕ್ಕಳಿಗೆ ಅವರು ಕಾಣುತ್ತಾರೆ, ಮಾತುಕತೆ ನಡೆಯುತ್ತದೆ. ವಾರದ ಇನ್ನೆರಡು ಪಾಠಗಳಲ್ಲಿ ಶಾಲೆಯ ಉಪಾಧ್ಯಾಯಿನಿ ಅದೇ ಪಾಠವನ್ನು ಅಭ್ಯಾಸ ಮಾಡಿಸುತ್ತಾಳೆ. ಅನೇಕ ಶಾಲೆಗಳಲ್ಲಿ ಆಕೆಗೆ ಇಂಗ್ಲಿಷ್ ಬಾರದು. ಮಕ್ಕಳ ಜೊತೆಯಲ್ಲಿ ಆಕೆಯೂ ಕಲಿಯುತ್ತಾಳೆ. ಆದರೆ ಯಾವ ಮಗು ನಾಚಿಕೊಳ್ಳುತ್ತದೆ, ಯಾವುದಕ್ಕೆ ಅರ್ಥವಾಗಲಿಲ್ಲ, ಯಾವುದು ಹಸಿದು ಬಂದಿದೆ ಎಂಬುದು ಪರದೆಯ ಮೇಲಿನವರಿಗೆ ತಿಳಿಯದು, ಆಕೆಗೆ ತಿಳಿಯುತ್ತದೆ. ನೂರು ಡಾಲರಿನ ಯೋಜನೆ ಯಾರಿಗಾಗಿಯೂ ಕಾಯದೆ ಮುಂದೆ ಹೋಗಲು ಬಯಸಿತೋ, ಆ ಉಪಾಧ್ಯಾಯಿನಿಯನ್ನೇ ಈ ಏರ್ಪಾಡು ಮತ್ತೆ ಕೋಣೆಯ ನಡುವೆ ನಿಲ್ಲಿಸಿತು. ಎರಡು ದೇಶಗಳ ಅನುಭವದಿಂದ ನಾನು ಕಲಿತ ಮುಖ್ಯ ಸಂಗತಿ ಇದು.

ಮುಂದೆ 2020ರಲ್ಲಿ ಕೋವಿಡ್ ಬಂದು ಜಗತ್ತಿನ ಶಾಲೆಗಳ ಬಾಗಿಲನ್ನು ಮುಚ್ಚಿಸಿದಾಗ ಈ ವ್ಯತ್ಯಾಸಕ್ಕೆ ನಿಜವಾದ ಪರೀಕ್ಷೆ ಬಂದಿತು. ಉರುಗ್ವೆಯಲ್ಲಿ ಮಾರ್ಚಿಯಲ್ಲಿ ಶಾಲೆ ಮುಚ್ಚಿದಾಗ ಮಕ್ಕಳ ಕೈಯಲ್ಲಿ ಯಂತ್ರವಿತ್ತು. ಅದರ ಮೂಲಕ ಪಾಠ ಕಳುಹಿಸಿ ಅಭ್ಯಾಸವಿದ್ದ ಉಪಾಧ್ಯಾಯರೂ ಇದ್ದರು. ಅಷ್ಟಕ್ಕೆ ತೃಪ್ತರಾಗದೆ ಏಪ್ರಿಲ್ 22ರಿಂದಲೇ ಹಳ್ಳಿಯ ಶಾಲೆಗಳನ್ನು ತೆರೆಯತೊಡಗಿದರು. ಮಕ್ಕಳ ಕೈಯಲ್ಲಿ ಯಂತ್ರವಿದ್ದ ದೇಶವೇ ಅವರನ್ನು ಶಾಲೆಗೆ ಕರೆತರಲು ಆತುರಪಟ್ಟಿತೆಂಬುದನ್ನು ಗಮನಿಸಿರಿ. ಪೆರುವಿನಲ್ಲಿ ಶಾಲೆಗಳು ಬಹುಕಾಲ ಮುಚ್ಚಿದ್ದವು. ಸರ್ಕಾರ ಮಕ್ಕಳಿಗಾಗಿ ಟ್ಯಾಬ್ಲೆಟ್ಟುಗಳನ್ನು ಕೊಳ್ಳಲು ಹೊರಟಿತು. ಅವು ಹಳ್ಳಿಗಳನ್ನು ತಲುಪತೊಡಗಿದುದು ಶಾಲಾವರ್ಷ ಮುಗಿಯುವ ಹೊತ್ತಿಗೆ. ಅಷ್ಟು ದಿನ ಬೆಟ್ಟದ ಮಕ್ಕಳ ಕೈ ಹಿಡಿದುದು ಯಾವುದು? ಟೆಲಿವಿಷನ್ನೂ, ಅದೂ ತಲುಪದ ಕಡೆ ರೇಡಿಯೋ. ಏಪ್ರಿಲ್ 6ರಿಂದ ಸ್ಪ್ಯಾನಿಷಿನಲ್ಲಿಯೂ ಕೆಚುವಾ ಮೊದಲಾದ ನಾಡಭಾಷೆಗಳಲ್ಲಿಯೂ ಪಾಠಗಳು ಬಿತ್ತರವಾದವು. ಈ ಹೊತ್ತು ನನ್ನ ಧ್ವನಿಯನ್ನು ನಿಮ್ಮ ಮನೆಗೆ ತರುತ್ತಿರುವ ಹಳೆಯ ಪೆಟ್ಟಿಗೆಯ ಬಾಂಧವನೇ ಅದು. ಹೊಸ ಯಂತ್ರ ಬಂದಮಾತ್ರಕ್ಕೆ ಹಳೆಯದು ನಿರುಪಯೋಗಿಯಲ್ಲ. ಜನರನ್ನು ತಲುಪುವುದು ಯಾವುದೋ ಅದೇ ಒಳ್ಳೆಯ ಯಂತ್ರ.

ಪೆರುವಿಗೆ ಅನ್ಯಾಯವಾಗುವಂತೆ ಮಾತನಾಡಲು ನನಗೆ ಇಷ್ಟವಿಲ್ಲ. ಚಿಕ್ಕದೂ ಸಮತಟ್ಟಾದುದೂ ಆದ ಅನುಕೂಲವಂತ ದೇಶಕ್ಕೆ ಸಾಧ್ಯವಾದುದು ಪರ್ವತ ಅರಣ್ಯಗಳ ದೇಶಕ್ಕೆ ಅಷ್ಟು ಸುಲಭವಲ್ಲ. ನಮ್ಮ ದೇಶ ಹೆಚ್ಚು ಹೋಲುವುದು ಉರುಗ್ವೆಯನ್ನಲ್ಲ, ಪೆರುವನ್ನು. ಆದುದರಿಂದಲೇ ಪೆರುವಿನ ಅನುಭವ ನಮಗೆ ಹೆಚ್ಚು ಬೆಲೆಯುಳ್ಳದ್ದು. ಈ ನೂರು ಡಾಲರಿನ ಯಂತ್ರವನ್ನು 2006ರಲ್ಲಿ ನಮ್ಮ ಕೇಂದ್ರದ ವಿದ್ಯಾಖಾತೆ ಬೇಡವೆಂದಿತ್ತು. ಬೇಡವೆಂದು ಹಣವನ್ನು ಉಳಿಸಬಹುದು. ಆದರೆ ಆ ಹಣ ಉಪಾಧ್ಯಾಯರ ಶಿಕ್ಷಣಕ್ಕೂ ಶಾಲೆಯ ಪುಸ್ತಕಭಂಡಾರಕ್ಕೂ ಹೋದಾಗ ಮಾತ್ರ ಆ ಉಳಿತಾಯಕ್ಕೆ ಅರ್ಥ. ಪೆರುವಿನ ಶಾಲೆಗಳನ್ನು ಪಂಡಿತರು ಸುಮಾರು ಹತ್ತು ವರ್ಷಗಳ ತರುವಾಯ ಮತ್ತೆ ಪರೀಕ್ಷಿಸಿದರು. ಯಂತ್ರ ಪಡೆದ ಮಕ್ಕಳು ಗಣಕಯಂತ್ರವನ್ನು ಬಳಸುವುದರಲ್ಲಿ ಹೆಚ್ಚು ನಿಪುಣರಾಗಿದ್ದರು, ವಿದ್ಯೆಯಲ್ಲಿ ಮುಂದಾಗಿರಲಿಲ್ಲ. ಒಂದು ಮಗುವಿನ ಪ್ರಾಥಮಿಕ ಶಾಲೆಯ ಆರು ವರ್ಷಗಳು ಒಮ್ಮೆ ಕಳೆದರೆ ಯಾವ ಸರ್ಕಾರವೂ ಅವನ್ನು ಮತ್ತೆ ಕೊಡಲಾರದು.

ಆದಕಾರಣ ನಿಮ್ಮ ಊರಿನ ಶಾಲೆಗೆ ಯಾರಾದರೂ ಯಂತ್ರವನ್ನು ದಾನ ಮಾಡಲು ಬಂದರೆ ಸಂತೋಷದಿಂದ ಸ್ವೀಕರಿಸಿರಿ. ಜೊತೆಯಲ್ಲಿ ಕೆಲವು ಪ್ರಶ್ನೆಗಳನ್ನೂ ಕೇಳಿರಿ. ಕೆಟ್ಟರೆ ರಿಪೇರಿ ಮಾಡುವವರು ಯಾರು? ಒಡೆದರೆ ಉಪಾಧ್ಯಾಯರ ಸಂಬಳಕ್ಕೆ ಕೈ ಹಾಕುವುದಿಲ್ಲವೆಂದು ಬರೆದುಕೊಡುವವರು ಯಾರು? ಇದನ್ನು ಬಳಸಿ ಪಾಠ ಹೇಳುವುದನ್ನು ಅವರಿಗೆ ಕಲಿಸುವವರು ಯಾರು, ಎಷ್ಟು ದಿನ? ಮುಂದಿನ ವರ್ಷವೂ ಅವರು ಬರುತ್ತಾರೆಯೇ? ಇವಕ್ಕೆ ಸರಿಯಾದ ಉತ್ತರ ದೊರೆತ ಶಾಲೆಯಲ್ಲಿ ಬೀರುವಿನ ಬಾಗಿಲು ತಾನಾಗಿ ತೆರೆಯುತ್ತದೆ. ನಮ್ಮ ಶಾಲೆಯ ಗೋಳವನ್ನು ನಾನು ಮುಟ್ಟಿದುದು ಒಂದೇ ಒಂದು ಸಲ, ಇನ್‌ಸ್ಪೆಕ್ಟರು ಕಾಫಿಗೆಂದು ಎದ್ದು ಹೋಗಿದ್ದಾಗ. ಅದು ಎಷ್ಟು ಹಗುರವಾಗಿ ತಿರುಗಿತೆಂಬುದು ಇಂದಿಗೂ ನನ್ನ ಬೆರಳಿಗೆ ನೆನಪಿದೆ.