ಹಳೆಯ ಧ್ವನಿವರ್ಧಕ, ಹೊಸ ಧ್ವನಿವರ್ಧಕ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂತಹ ಉತ್ಸವಗಳಲ್ಲಿ ಸಾಹಿತ್ಯವನ್ನು ಕುರಿತು ಮಾತನಾಡುವವರು ಬಹುಮಂದಿ ಇರುವರು. ಆ ಮಾತುಗಳನ್ನು ಕಡೆಯ ಸಾಲಿಗೆ ಮುಟ್ಟಿಸುವ ಉಪಕರಣವನ್ನು ಕುರಿತು ಮಾತನಾಡುವವರು ವಿರಳ. ಆದುದರಿಂದ ಧ್ವನಿವರ್ಧಕವನ್ನೇ ನಾನು ವಿಷಯವನ್ನಾಗಿ ಆರಿಸಿಕೊಂಡಿರುವೆನು. ಹಳೆಯವುಗಳ ಇಂಪು ಈಗಿನವುಗಳಿಗೆ ಇಲ್ಲವೆಂದು ಹಿರಿಯರು ಹೇಳುವರು. ಹಳೆಯದೆಲ್ಲ ಗುಜರಿಯೆಂದು ಕಿರಿಯರು ಹೇಳುವರು. ಎರಡು ಮಾತುಗಳಲ್ಲಿಯೂ ಸತ್ಯಾಂಶವೆಷ್ಟೆಂಬುದನ್ನು ವಿಚಾರಿಸೋಣ.

ಇಂದಿನ ಧ್ವನಿವರ್ಧಕಗಳಲ್ಲಿ ಬಹುಪಾಲು ಒಂದೇ ಮನೆತನಕ್ಕೆ ಸೇರಿದವು. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಶಂಕು. ವಿದ್ಯುತ್ತು ಹರಿದಂತೆ ಸುರುಳಿ ಅಲುಗುವುದು, ಶಂಕು ಗಾಳಿಯನ್ನು ನೂಕುವುದು. ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ೧೯೨೫ರಲ್ಲಿ ಈ ರಚನೆಯನ್ನು ವಿವರಿಸಿದರು. ನೂರು ವರ್ಷಗಳಾದರೂ ಮೂಲತತ್ತ್ವ ಬದಲಾಗಿಲ್ಲ. ಬದಲಾದುದು ಅದರ ಸುತ್ತಲಿನ ಲೆಕ್ಕಾಚಾರ.

ಆ ಕಾಲದ ಕವಾಟಯಂತ್ರಗಳಿಂದ ಹೊರಡುತ್ತಿದ್ದ ಶಕ್ತಿ ಅನೇಕವೇಳೆ ಹತ್ತು ವಾಟ್‌ಗೂ ಕಡಿಮೆ. ಬಡವನ ಮನೆಯ ಎಣ್ಣೆಯಂತೆ ಅದನ್ನು ಜೋಪಾನವಾಗಿ ಬಳಸಬೇಕಾಗಿತ್ತು. ಅದಕ್ಕಾಗಿಯೇ ಚಿತ್ರಮಂದಿರಗಳಲ್ಲಿ ದೊಡ್ಡ ತುತ್ತೂರಿಗಳು ಬಂದವು. ಬಾಯಿಗೆ ಅಂಗೈ ಮರೆಮಾಡಿ ಕೂಗಿದರೆ ದೂರಕ್ಕೆ ಕೇಳಿಸುವಂತೆ, ತುತ್ತೂರಿಯು ಅಲ್ಪ ಕಂಪನವನ್ನು ಹೊರಗಿನ ವಿಸ್ತಾರವಾದ ಗಾಳಿಗೆ ಮೆಲ್ಲಮೆಲ್ಲನೆ ಒಪ್ಪಿಸುವುದು. ಒಂದು ವಾಟ್ ಶಕ್ತಿಯಿಂದ ಒಂದು ಮೀಟರು ದೂರದಲ್ಲಿ ೧೦೦ ಡೆಸಿಬೆಲ್ ನಾದ ಕೊಡುವ ಹಳೆಯ ತುತ್ತೂರಿಯನ್ನೂ, ೮೬ ಡೆಸಿಬೆಲ್ ಕೊಡುವ ಈಗಿನ ಪುಟ್ಟ ಪೆಟ್ಟಿಗೆಯನ್ನೂ ಹೋಲಿಸಿರಿ. ಅಷ್ಟೇ ನಾದಕ್ಕೆ ಪೆಟ್ಟಿಗೆಯು ಸುಮಾರು ೨೫ ಪಾಲು ಶಕ್ತಿಯನ್ನು ಬೇಡುವುದು. ಮಿತವ್ಯಯದಲ್ಲಿ ಹಿರಿಯರ ಪಕ್ಷವೇ ಗೆದ್ದಿತು.

ಆದರೆ ಪ್ರಕೃತಿಯು ಪುಕ್ಕಟೆಯಾಗಿ ಏನನ್ನೂ ಕೊಡದು. ಸಣ್ಣ ಗಾತ್ರ, ಆಳವಾದ ಮಂದ್ರಸ್ವರ, ಅಲ್ಪಶಕ್ತಿಯಲ್ಲಿ ಹೆಚ್ಚು ನಾದ—ಈ ಮೂರರಲ್ಲಿ ಎರಡನ್ನು ಪಡೆದರೆ ಮೂರನೆಯದನ್ನು ಬಿಡಬೇಕು. ೫೦ ಹರ್ಟ್ಸಿನ ಸ್ವರದ ಅಲೆಯ ಉದ್ದ ಸುಮಾರು ಏಳು ಮೀಟರು; ಅದನ್ನು ನುಡಿಸುವ ತುತ್ತೂರಿ ಕೋಣೆಯನ್ನೇ ನುಂಗುವುದು. ೧೯೫೪ರಲ್ಲಿ ಎಡ್ಗರ್ ವಿಲ್ಚರ್ ಎಂಬವರು, ಬಿಗಿಯಾಗಿ ಮುಚ್ಚಿದ ಚಿಕ್ಕ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ, ಆಳವಾದ ಮಂದ್ರವನ್ನು ಸಾಧಿಸಿದರು, ಮಿತವ್ಯಯವನ್ನು ತ್ಯಜಿಸಿದರು. ಮುಂದೆ ಟ್ರಾನ್ಸಿಸ್ಟರು ಶಕ್ತಿಯನ್ನು ಅಗ್ಗ ಮಾಡಿದುದರಿಂದ ಆ ತ್ಯಾಗ ಭಾರವಾಗಲಿಲ್ಲ. ೧೯೬೧ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್, ಆ ಬಳಿಕ ೧೯೭೦ರ ದಶಕದಲ್ಲಿ ರಿಚರ್ಡ್ ಸ್ಮಾಲ್, ಪೆಟ್ಟಿಗೆಯ ಅಳತೆಯನ್ನು ಗಣಿತದಿಂದಲೇ ಗೊತ್ತುಮಾಡುವ ಮಾರ್ಗವನ್ನು ತೋರಿಸಿಕೊಟ್ಟರು. ಬಡಗಿಯ ಅಂದಾಜು ಎಂಜಿನಿಯರನ ಲೆಕ್ಕವಾಯಿತು.

ಹಾಗಾದರೆ ಹಿರಿಯರು ಹೇಳುವ ಇಂಪು ಬರಿಯ ಭ್ರಮೆಯೆ? ಪೂರ್ತಿ ಹಾಗೆನ್ನಲಾಗದು. ಒಳ್ಳೆಯ ತುತ್ತೂರಿಯಲ್ಲಿ ತೆಳುಹಾಳೆ ಅತ್ಯಲ್ಪವಾಗಿ ಅಲುಗುವುದರಿಂದ ಮಾತು ಸಲೀಸಾಗಿ ಚಿಮ್ಮುವುದು. ಆದರೆ ಕಣ್ಣೂ ಕಿವಿಯನ್ನು ವಂಚಿಸುವುದುಂಟು. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ೧೯೯೪ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಧ್ವನಿವರ್ಧಕಗಳನ್ನು ಕಂಡು ಕೇಳಿದಾಗ ಕೇಳುಗರು ಕೊಟ್ಟ ಅಂಕಗಳು, ಪರದೆಯ ಮರೆಯಲ್ಲಿಟ್ಟಾಗ ಬದಲಾದವು. ಗಾತ್ರ, ಬೆಲೆ, ಹೆಸರು ಇವೆಲ್ಲವೂ ನಮ್ಮ ಕಿವಿಯೊಳಗೆ ಕುಳಿತು ತೀರ್ಪು ಕೊಡುವುವು. ಬಾಲ್ಯದ ನೆನಪೂ ಅಲ್ಲಿಯೇ ಕುಳಿತಿರುವುದು.

ಬಾಳಿಕೆಯ ವಿಚಾರವನ್ನೂ ಮರೆಯಲಾಗದು. ಬಟ್ಟೆಯ ಅಥವಾ ಕಾಗದದ ಅಂಚುಳ್ಳ ಹಳೆಯ ಶಂಕುಗಳು ಅನೇಕ ದಶಕಗಳ ಕಾಲ ಬಾಳಿವೆ. ಬಳಿಕ ಬಂದ ನೊರೆಸ್ಪಂಜಿನ ಅಂಚುಗಳು ಹತ್ತಿಪ್ಪತ್ತು ವರ್ಷಗಳಲ್ಲಿಯೇ ಪುಡಿಯಾದವು. ಹಳೆಯದನ್ನು ಊರಿನ ಕುಶಲಕರ್ಮಿ ಬಿಚ್ಚಿ ಸರಿಪಡಿಸಬಲ್ಲನು. ಒಳಗೆ ಗಣಕಮಂಡಲವನ್ನು ಹುದುಗಿಸಿಕೊಂಡ ಹೊಸತು ಕೆಟ್ಟರೆ ಅನೇಕವೇಳೆ ಎಸೆಯುವುದೊಂದೇ ಗತಿ.

ಇನ್ನು ನಮಗೆ ಮುಖ್ಯವಾದ ಮಾತು. ಗಡಿನಾಡಿನ ಮಕ್ಕಳು ಬೀದಿಯಲ್ಲಿ, ಅಂಗಡಿಯಲ್ಲಿ ಬೇರೆ ನುಡಿಯನ್ನು ಕೇಳುವರು. ಅಚ್ಚುಕಟ್ಟಾದ ಕನ್ನಡವು ಅವರ ಕಿವಿಗೆ ಬೀಳುವ ಸ್ಥಳಗಳಲ್ಲಿ ಸಭೆಯೂ ಒಂದು. ಸಕಾರ ಶಕಾರಗಳ ಭೇದ ಉಚ್ಚಸ್ವರದ ಅಲೆಗಳಲ್ಲಿ ಅಡಗಿರುವುದು. ಸಕಾರದ ಬಹ್ವಂಶವು ೪೦೦೦ ಹರ್ಟ್ಸಿನ ಮೇಲೆಯೇ ಇರುವುದು. ಕಂಬಕ್ಕೆ ಕಟ್ಟಿದ ಅಗ್ಗದ ತುತ್ತೂರಿ ಆ ಅಂಶವನ್ನು ಮೊಟಕುಮಾಡಿ ಗಟ್ಟಿಯಾಗಿ ಕಿರಚುವುದು. ಗಟ್ಟಿ ಬೇರೆ, ಸ್ಪಷ್ಟ ಬೇರೆ. ಗದ್ದಲವೇ ದೊಡ್ಡದಾದ ಸಭೆಯಲ್ಲಿ ‘ಶಾಲೆ’ಯೂ ‘ಸಾಲೆ’ಯೂ ಒಂದೇ ಆದರೆ, ಮಗುವಿಗೆ ತಿದ್ದುವವರಾರು?

ಆದುದರಿಂದ ನನ್ನ ಸೂಚನೆ ಇಷ್ಟೆ. ಸಾಧನ ಹಳೆಯದೋ ಹೊಸದೋ ಎಂದು ಜಗಳವಾಡದೆ, ಕಡೆಯ ಸಾಲಿನಲ್ಲಿ ಒಬ್ಬ ಬಾಲಕನನ್ನು ಕೂರಿಸಿ, ವೇದಿಕೆಯಿಂದ ಹತ್ತು ಪದಗಳನ್ನು ಓದಿ, ಅವನಿಂದ ಬರೆಯಿಸಿರಿ. ತಪ್ಪಿದರೆ ನಾದವನ್ನು ಏರಿಸಬೇಡಿರಿ. ಒಂದೇ ದೊಡ್ಡ ಯಂತ್ರಕ್ಕೆ ಬದಲು ಕೆಲವು ಚಿಕ್ಕವನ್ನು ಕೇಳುಗರ ಬಳಿಗೆ ಒಯ್ಯಿರಿ. ಶಬ್ದವು ೩೪ ಮೀಟರು ಸಾಗಲು ಸೆಕೆಂಡಿನ ಹತ್ತನೆಯ ಒಂದು ಪಾಲು ಬೇಕು. ಹಿಂದಿನ ಯಂತ್ರಗಳನ್ನು ಅಷ್ಟು ತಡಮಾಡಿ ನುಡಿಸುವ ಸೌಲಭ್ಯ ಹೊಸ ಸಾಧನಗಳಲ್ಲಿರುವುದು. ಅದನ್ನು ಬಳಸಿಕೊಳ್ಳೋಣ. ಹಳೆಯದರ ಮಿತವ್ಯಯವನ್ನೂ ಬಾಳಿಕೆಯನ್ನೂ ಗೌರವಿಸೋಣ. ನಮ್ಮ ನುಡಿ ಕಡೆಯ ಸಾಲಿನವರೆಗೂ ಅಕ್ಷರಶುದ್ಧವಾಗಿ ತಲುಪಲೆಂದು ಹಾರೈಸುವೆನು.